ಮೊದಲ ತಟ್ಟೆ

ಕುರ್ಚಿ ಬೇಕಾದ್ದಕ್ಕಿಂತ ಮೆತ್ತಗಿತ್ತು. ಕೂತ ಕೂಡಲೇ ಸೊಂಟ ಒಳಗಿಳಿದು ಮಂಡಿ ಮೇಲೆದ್ದು, ಇನ್ನು ಏಳಬೇಕೆಂದರೆ ಯಾರಾದರೂ ಕೈ ಕೊಡಬೇಕಾದೀತು ಅನಿಸಿತು ಅವನಿಗೆ. ಈ ಹೋಟೆಲಿನಲ್ಲಿ ಇಪ್ಪತ್ತೈದು ವರ್ಷ ದುಡಿದವನು ಇಲ್ಲಿನ ಲೌಂಜಿನಲ್ಲಿ ಕೂತದ್ದು ಇದೇ ಮೊದಲು. ನಿಂತದ್ದಂತೂ ಲೆಕ್ಕವಿಲ್ಲದಷ್ಟು ಸಲ. ಪ್ರತಿ ಶುಕ್ರವಾರ ಸಂಜೆ ಏಳೂವರೆಗೆ, ಅಲ್ಲಿ ಆ ದಪ್ಪ ಕಂಬದ ಪಕ್ಕ, ಇಸ್ತ್ರಿ ಮಾಡಿದ ಬಿಳಿ ಕೋಟು ತೊಟ್ಟು, ಹೆಚ್ಚೆಂದರೆ ಮೂರು ನಿಮಿಷ. ಇಪ್ಪತ್ತೈದು ವರ್ಷ ಪೂರೈಸಿದವರು ಒಂದು ಸಂಜೆ ಜೋಡಿಯಾಗಿ ಬಂದು, ಅತಿಥಿಗಳ ಹಾಗೆ ಕೂತು, ತಿಂದು ಕುಡಿದು ಹೋಗಬೇಕೆಂಬುದು ಹೋಟೆಲಿನ ಪದ್ಧತಿ. ಅವನ ಪಾಲಿನ ಸಂಜೆ ಮೂರು ತಿಂಗಳ ಹಿಂದೆಯೇ ಬಂದಿತ್ತು. ಈ ವಾರ ಕೆಲಸ ಜಾಸ್ತಿ, ಮುಂದಿನ ವಾರ ನೋಡೋಣ ಎಂದು ತಳ್ಳುತ್ತಲೇ ಬಂದಿದ್ದ. ಕೊನೆಗೆ ಹೆಂಡತಿ, "ರೀ, ನಾನು ಮುದುಕಿ ಆದ್ಮೇಲೆ ಕರ್ಕೊಂಡು ಹೋಗ್ತೀರಾ? ಆಗ ಹಲ್ಲೂ ಇರಲ್ಲ, ಏಡಿ ಕಾಲು ಕಚ್ಚೋದು ಹೇಗೆ?" ಅಂದಾಗ ಬೇರೆ ನೆಪ ಹೊಳೆಯಲಿಲ್ಲ. ಈಗ ಅವಳು ಎದುರಿಗೆ ನೆಟ್ಟಗೆ ಕೂತು, ಪರ್ಸನ್ನು ತೊಡೆಯ ಮೇಲಿಟ್ಟುಕೊಂಡು, ಗಾಜಿನ ಗೋಡೆಯಾಚೆ ಒಂದೊಂದಾಗಿ ಹತ್ತಿಕೊಳ್ಳುತ್ತಿದ್ದ ದೋಣಿಗಳ ದೀಪ ನೋಡುತ್ತಿದ್ದಳು. ಅವನು ನೋಡುತ್ತಿದ್ದುದು ಗೋಡೆಯ ಈಚೆಗೆ, ಉದ್ದನೆಯ ಮೇಜಿನ ಮೇಲೆ ರಾಶಿ ಹಾಕಿದ್ದ ಮಂಜುಗಡ್ಡೆಯನ್ನು. ಅದರ ಮೇಲೆ ಇನ್ನೂ ಏನನ್ನೂ ಜೋಡಿಸಿರಲಿಲ್ಲ. ಏಳೂವರೆಗೆ ಇಪ್ಪತ್ತು ನಿಮಿಷವಿತ್ತು.

"ಎಷ್ಟು ಚೆನ್ನಾಗಿದೆ ಅಲ್ವಾ?" ಅಂದಳು. "ನೀವು ಇಷ್ಟು ವರ್ಷ ಇಲ್ಲೇ ಇದ್ದು ಒಂದು ದಿನಾನೂ ಹೇಳಿಲ್ಲ."

"ನಾನಿರೋದು ಹಿಂದೆ. ಮುಂದೆ ಏನಿದೆ ಅಂತ ನನಗೇನು ಗೊತ್ತು."

ಅದು ನಿಜವೇ. ಅವನ ಜಾಗವಿರುವುದು ಇದೇ ಕಟ್ಟಡದ ಬೆನ್ನಿಗೆ, ಮಾಲು ಇಳಿಸುವ ಹಿಂಬಾಗಿಲಲ್ಲಿ. ಅಲ್ಲಿ ನೆಲ ಸದಾ ಒದ್ದೆ, ಗೋಡೆಗೆ ಒಂದು ತೂಕದ ಯಂತ್ರ, ಒಂದು ಕೊಳಾಯಿ, ಒಂದು ಸ್ಟೂಲು. ಬೆಳಗ್ಗೆ ಬರುವ ಮೀನು, ಸಿಗಡಿ, ಏಡಿ, ಸಿಂಪಿ ಎಲ್ಲವೂ ಅವನ ಮುಂದೆ ಬಾಯಿ ತೆರೆಯಬೇಕು. ಅವನು ಬಗ್ಗುತ್ತಾನೆ, ಒಂದು ಉಸಿರು ಎಳೆದುಕೊಳ್ಳುತ್ತಾನೆ, ತಲೆಯಾಡಿಸಿದರೆ ಅಡುಗೆಮನೆಗೆ, ಇಲ್ಲದಿದ್ದರೆ ಬಂದ ವ್ಯಾನಿನಲ್ಲೇ ವಾಪಸ್ಸು. ಯಾಕೆ ಅಂತ ಯಾರೂ ಕೇಳುವುದಿಲ್ಲ. ಅಡುಗೆಮನೆಯವರು ಅವನನ್ನು ಹೆಸರು ಹಿಡಿದು ಕರೆದದ್ದೇ ಇಲ್ಲ, 'ಮೂಗಿನೋರು' ಅಂತಲೇ ರೂಢಿ. 'ಮೂಗಿನೋರು ರಜಾ ಅಂದ್ರೆ ಇವತ್ತು ಬರೀ ತರಕಾರಿ' ಅಂತ ನಗುತ್ತಾರೆ. ಹಳೆಯ ಮ್ಯಾನೇಜರೊಬ್ಬರು ಯಾವತ್ತೋ ತಮಾಷೆಗೆ ಅವನನ್ನು ಲೌಂಜಿಗೆ ಕರೆಸಿ, ಅತಿಥಿಗಳೆದುರು ಮೊದಲ ತಟ್ಟೆ ಮೂಸಿಸಿದ್ದರು. ಜನಕ್ಕೆ ಅದು ಹಿಡಿಸಿತು. ಆ ತಮಾಷೆಯೇ ಪದ್ಧತಿಯಾಯಿತು. ಈಗ ಶುಕ್ರವಾರದ ಸಂಜೆ ಅವನು ಮೊದಲ ತಟ್ಟೆ ಮೂಸಿ ತಲೆಯಾಡಿಸದ ಹೊರತು ಸಮುದ್ರದ ಒಂದು ತುಣುಕೂ ಯಾರ ಬಾಯಿಗೂ ಹೋಗುವುದಿಲ್ಲ. ಫೋನು ಹಿಡಿದು ಚಿತ್ರ ತೆಗೆದುಕೊಳ್ಳುತ್ತಾರೆ. ಮನೆಯಲ್ಲಿ ನೆಂಟರೆದುರು ಹೆಂಡತಿ ಇದನ್ನು ಎಷ್ಟು ಸಲ ಹೇಳಿದ್ದಾಳೋ, ಅವಳ ತಂಗಿಯ ಗಂಡ ಮೂಗಿನ ಮೇಲೆ ಬೆರಳಿಟ್ಟು, 'ಭಾವ, ಇದನ್ನು ವಿಮೆ ಮಾಡಿಸಬೇಕು ನೀವು' ಅಂದಿದ್ದ.

ಮಾಡಿಸಬೇಕಿತ್ತು. ನಾಲ್ಕು ತಿಂಗಳ ಹಿಂದೆ ಐದು ದಿನ ಜ್ವರ ಬಂತು. ಹೋಗುವಾಗ ಆ ಜ್ವರ ವಾಸನೆಯನ್ನು ಕೈಹಿಡಿದು ಕರೆದುಕೊಂಡು ಹೋಯಿತು. ಮೊದಲ ವಾರ ನೆಗಡಿ ಅಂದುಕೊಂಡ. ಎರಡನೇ ವಾರ ಸ್ನಾನದ ಮನೆಯ ಬಾಗಿಲು ಹಾಕಿಕೊಂಡು ಸಾಬೂನು, ಫಿನಾಯಿಲು, ತನ್ನದೇ ಬೆವರಿನ ಬನಿಯನ್ನು ಒಂದೊಂದಾಗಿ ಮೂಗಿಗೆ ಒತ್ತಿಕೊಂಡು ನೋಡಿದ. ಏನೂ ಇಲ್ಲ. ಕೆಟ್ಟ ವಾಸನೆಯಾದರೂ ಬರಬಾರದೇ ಅನಿಸಿ, ಐವತ್ತನಾಲ್ಕು ವರ್ಷದ ಗಂಡಸು ಒದ್ದೆ ನೆಲದ ಮೇಲೆ ಕೂತು ಅತ್ತುಬಿಟ್ಟಿದ್ದ. ಬರುತ್ತೆ, ತಾನಾಗಿ ಬರುತ್ತೆ, ಒಂದೊಂದು ಸಲ ಆರು ತಿಂಗಳು ಹಿಡಿಯುತ್ತೆ, ಬರದೆಯೂ ಇರಬಹುದು ಅಂದರು ಡಾಕ್ಟರು. ಈ ಕೊನೆಯ ಮಾತನ್ನು ಅವರು ಚೀಟಿ ಬರೆಯುತ್ತಾ, ಮುಖ ನೋಡದೆ ಹೇಳಿದರು. ಹೆಂಡತಿಗೆ ಹೇಳಲಿಲ್ಲ. ಶೆಫ್‌ಗೆ ಹೇಳಲಿಲ್ಲ. ಅಂಗೈ ಕಳೆದುಕೊಂಡ ಕುಂಬಾರ ಹೇಳಿಕೊಳ್ಳುತ್ತಾನೆಯೇ? ಕೈ ಇಲ್ಲದ್ದು ಕಣ್ಣಿಗೆ ಕಾಣುತ್ತದೆ, ಹೇಳಬೇಕಾಗಿಯೇ ಇಲ್ಲ. ಮೂಗು ಹಾಗಲ್ಲ, ಇದ್ದಲ್ಲೇ ಇರುತ್ತದೆ.

ಆಮೇಲೆ ನಡೆದದ್ದು ಅವನಿಗೇ ಆಶ್ಚರ್ಯ. ಮೂಗಿಲ್ಲದೆಯೂ ಕೆಲಸ ನಡೆಯಿತು. ಮೀನಿನ ಕಣ್ಣು ಉಬ್ಬಿದೆಯೇ, ಕಿವಿರು ಕೆಂಪಗಿದೆಯೇ, ಬೆರಳೊತ್ತಿದರೆ ಗುಳಿ ಉಳಿಯುತ್ತದೆಯೇ, ಇದೆಲ್ಲ ಕಲಿತ ವಿದ್ಯೆ, ಎಲ್ಲಿಗೂ ಹೋಗಿರಲಿಲ್ಲ. ಜೀವವಿರುವ ಸಿಂಪಿ ಬಾಯಿ ಮುಚ್ಚಿಕೊಂಡಿರುತ್ತದೆ, ಬಾಯಿ ಬಿಟ್ಟದ್ದನ್ನು ತಟ್ಟಿದರೆ ತಟಕ್ಕನೆ ಮುಚ್ಚಬೇಕು, ಎರಡನ್ನು ಒಂದಕ್ಕೊಂದು ಬಡಿದರೆ ಕಲ್ಲಿನ ಸದ್ದು ಬರಬೇಕು. ಇಷ್ಟೆಲ್ಲ ನೋಡಿಯಾದ ಮೇಲೆ ಬಗ್ಗಿ, ಎಂದಿನಂತೆ ಒಂದು ಉಸಿರು ಎಳೆದು, ತಲೆಯಾಡಿಸುತ್ತಿದ್ದ. ಆ ಉಸಿರು ಬರೀ ವೇಷ. ಹದಿನಾರು ಶುಕ್ರವಾರ ಇದೇ ಲೌಂಜಿನಲ್ಲಿ, ಆ ಕಂಬದ ಪಕ್ಕ, ಹದಿನಾರು ತಟ್ಟೆಗಳ ಮೇಲೆ ಆ ವೇಷ ಹಾಕಿದ್ದ. ಯಾರಿಗೂ ಏನೂ ಆಗಲಿಲ್ಲ. ಆಗಲಿಲ್ಲವಲ್ಲ ಎಂದು ಒಳಗೊಳಗೇ ಸ್ವಲ್ಪ ಜಂಬವೂ ಬಂದಿತ್ತು ಅನ್ನುವುದನ್ನು ಈಗ, ಈ ಮೆತ್ತನೆಯ ಕುರ್ಚಿಯಲ್ಲಿ, ಒಪ್ಪಿಕೊಳ್ಳಲೇಬೇಕಾಯಿತು.

ಆದರೆ ಇವತ್ತು ಬೆಳಗ್ಗೆ ಸಿಂಪಿಯ ವ್ಯಾನು ಎರಡು ಗಂಟೆ ತಡವಾಗಿ ಬಂತು. ಚೀಲದ ಒಂದು ಮಗ್ಗುಲಲ್ಲಿ ಮಂಜುಗಡ್ಡೆ ಕರಗಿ ನೀರಾಗಿತ್ತು. ತಟ್ಟಿ ನೋಡಿದ. ಹೆಚ್ಚಿನವು ಮುಚ್ಚಿಕೊಂಡವು. ಮೂರು ನಾಲ್ಕು ಮಾತ್ರ, ಬೇಸಿಗೆಯ ಮಧ್ಯಾಹ್ನ ಎಬ್ಬಿಸಿದವರ ಹಾಗೆ, ಮುಚ್ಚಲೋ ಬೇಡವೋ ಎಂದು ನಿಧಾನ ಮಾಡಿದವು. ಹಿಂದಾಗಿದ್ದರೆ ಅರೆ ಗಳಿಗೆಯ ಕೆಲಸ, ಮೂಗು ಹೇಳಿಬಿಡುತ್ತಿತ್ತು. ಅವನು ಚೀಲದ ಮೇಲೆ ಬಗ್ಗಿ ಉಸಿರೆಳೆದ. ತಣ್ಣಗಿನ ಗಾಳಿ ಒಳಗೆ ಹೋಯಿತು, ಹೊರಗೆ ಬಂತು. ತಲೆ ತನ್ನಷ್ಟಕ್ಕೆ ಆಡಿತು. ಇಪ್ಪತ್ತೈದು ವರ್ಷದ ಅಭ್ಯಾಸ ಅದು, ಅವನನ್ನು ಕೇಳಲಿಲ್ಲ. ಅಡುಗೆಮನೆಯವರು ಚೀಲ ಎತ್ತಿಕೊಂಡು ಹೋಗುವಾಗ ವ್ಯಾನಿನವನು ಅವನ ಮುಖವನ್ನೇ ಒಂದು ಗಳಿಗೆ ನೋಡಿದ. ಬಾಗಿಲು ಹಾಕಿ ಹೊರಟ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡಂತೆ ಅವನ ಕೈ ಮೂಗಿನ ಹತ್ತಿರ ಹೋಗಿತ್ತು. ತಡವಾಗಿ ಬಂದರೂ ಬೈಯದೆ ಬಿಟ್ಟರಲ್ಲ ಎಂದು ನೋಡಿದನೋ, ಇದನ್ನು ಹೇಗೆ ಬಿಟ್ಟುಕೊಂಡರು ಎಂದು ನೋಡಿದನೋ? ದಿನವಿಡೀ ಆ ನೋಟವನ್ನು ತಿರುವಿ ಹಾಕಿದ. ಮಧ್ಯಾಹ್ನ ಎರಡು ಸಲ ಅಡುಗೆಮನೆಯ ಬಾಗಿಲವರೆಗೆ ಹೋಗಿ, ಆ ಚೀಲ ಇನ್ನೊಮ್ಮೆ ನೋಡ್ತೀನಿ ಅನ್ನಬೇಕೆಂದುಕೊಂಡು, ವಾಪಸ್ಸು ಬಂದಿದ್ದ. ಇನ್ನೊಮ್ಮೆ ನೋಡಿ ಮಾಡುವುದಾದರೂ ಏನು?

"ಅಣ್ಣಾ, ಇವತ್ತು ನೀವು ಅತಿಥಿ. ನಾನು ಕೊಟ್ಟದ್ದೇ ಕುಡೀಬೇಕು," ಅನ್ನುತ್ತಾ ಬಾರಿನವಳು ಎರಡು ಲೋಟ ತಂದಿಟ್ಟಳು. ನಲವತ್ತರ ಹೆಂಗಸು, ಗಿಡ್ಡ ಕೂದಲು, ತೋಳು ಮಡಚಿದ ಕಪ್ಪು ಅಂಗಿ. ಇಲ್ಲಿ ಅವಳು ಹತ್ತು ವರ್ಷದಿಂದ ಪಾನೀಯ ಬೆರೆಸುತ್ತಾಳೆ. ಲೋಟಗಳಿಗೆ ಗಾಜಿನ ಮುಚ್ಚಳ, ಒಳಗೆ ಬಿಳಿ ಹೊಗೆ ಸುತ್ತುತ್ತಿತ್ತು, ಅಂಚಿಗೆ ಕಿತ್ತಳೆ ಸಿಪ್ಪೆಯ ಒಂದು ಸುರುಳಿ. ಮುಚ್ಚಳ ತೆಗೆದದ್ದೇ ಹೊಗೆ ಮೇಜಿನ ಮೇಲೆಲ್ಲ ಹರಡಿತು. ಹೆಂಡತಿ ಕಣ್ಣು ಮುಚ್ಚಿ, "ಅಯ್ಯೋ, ಏನು ಘಮ ಇದು!" ಅಂದಳು.

"ಏನು ಸುಟ್ಟಿದ್ದೀನಿ ಹೇಳಿ ಅಣ್ಣಾ. ಬಂದವರಿಗೆಲ್ಲ ಕೇಳ್ತೀನಿ. ನಿಮಗೆ ಕೇಳೋದೇ ಬೇಡ, ಆದ್ರೂ ಕೇಳ್ತಿದ್ದೀನಿ."

ಅವನು ಲೋಟ ಎತ್ತಿ ಮೂಗಿನ ಕೆಳಗೆ ಹಿಡಿದ. ಬೆಚ್ಚಗಿನ ಗಾಳಿ. ಕಣ್ಣು ಕಿತ್ತಳೆ ಸಿಪ್ಪೆಯ ಮೇಲೆ ಬಿತ್ತು. ಮೂಗು ಕೈಕೊಟ್ಟಾಗ ಕಣ್ಣೇ ತಾನೇ ದುಡಿಯಬೇಕು. "ಕಿತ್ತಳೆ ಸಿಪ್ಪೆ," ಅಂದ.

ಅವಳು ಒಮ್ಮೆ ಹಿಂದಕ್ಕೆ ತಿರುಗಿ ನೋಡಿದಳು. ಆಮೇಲೆ, "ಸರಿಯಾಗಿ ಹೇಳಿದ್ರಿ ಅಣ್ಣಾ," ಅಂದಳು, ನಗುನಗುತ್ತಲೇ. ಅವಳ ಹಿಂದೆ, ಬಾರಿನ ಕಟ್ಟೆಯ ಮೇಲೆ, ಪುಟ್ಟ ಬಟ್ಟಲಿನಲ್ಲಿ ಸುಟ್ಟು ಕರಕಲಾದ ದಾಲ್ಚಿನ್ನಿ ಚಕ್ಕೆ ಇನ್ನೂ ಹೊಗೆಯಾಡುತ್ತಿರುವುದು ಅವನಿಗೆ ಈಗ ಕಂಡಿತು. ಹೆಂಡತಿಯ ತುಟಿ ಏನೋ ಹೇಳಲು ತೆರೆದದ್ದು ಹಾಗೇ ಮುಚ್ಚಿಕೊಂಡಿತು. ಚಕ್ಕೆಯ ವಾಸನೆ ಯಾವುದೆಂದು ಹೇಳಲು ಯಾರೂ ಮೂಗಿನೋರು ಆಗಬೇಕಾಗಿಲ್ಲ, ಮಕ್ಕಳೂ ಹೇಳುತ್ತವೆ. ಬಾರಿನವಳು ಮುಚ್ಚಳಗಳನ್ನು ಎತ್ತಿಕೊಂಡು ಹೋದಳು. ಹೆಂಡತಿ ಲೋಟ ಎತ್ತಿ ಒಂದು ಗುಟುಕು ಕುಡಿದು, "ಕಿತ್ತಳೆ ಚೆನ್ನಾಗಿದೆ," ಅಂದಳು. ಅವನಿಗೆ ನಾಚಿಕೆಯಿಂದ ಕಿವಿ ಬಿಸಿಯಾಯಿತು. ಇಬ್ಬರು ಹೆಂಗಸರು ಒಂದೇ ಗಳಿಗೆಯಲ್ಲಿ, ಒಬ್ಬರ ಮುಖ ಒಬ್ಬರು ನೋಡದೆ, ಅವನ ಮಾನ ಮುಚ್ಚಿದ್ದರು. ಒಂದು ತಿಂಗಳ ಹಿಂದೆ ಮನೆಯಲ್ಲಿ ಗ್ಯಾಸಿನ ಒಲೆ ಹಚ್ಚದೆ ತಿರುವಿಟ್ಟು, ಅದರ ಪಕ್ಕವೇ ಪೇಪರು ಓದುತ್ತಾ ಕೂತಿದ್ದ. ಹೊರಗಿನಿಂದ ಬಂದವಳು ಓಡಿ ಕಿಟಕಿಗಳನ್ನೆಲ್ಲ ತೆಗೆದಳು. ಮೂಗು ಕಟ್ಟಿದೆ ಅಂದಿದ್ದ. ಆಗಲೂ ಅವಳು ಹೀಗೇ, ಏನೂ ಕೇಳದೆ, ಒಲೆಯ ಗುಬಟು ಎರಡು ಸಲ ತಿರುವಿ ನೋಡಿ ಒಳಗೆ ಹೋಗಿದ್ದಳು. ಪಾನೀಯ ನಾಲಿಗೆಯ ಮೇಲೆ ಸಿಹಿಯಾಗಿತ್ತು, ಕೊನೆಗೆ ಕಹಿ. ಅಷ್ಟೇ.

ಪಕ್ಕದ ಮೇಜಿನಲ್ಲಿ ಒಬ್ಬ ಮುದುಕಿ ಒಬ್ಬರೇ ಕೂತಿದ್ದರು. ಬಿಳಿ ಕೂದಲನ್ನು ಬಿಗಿಯಾಗಿ ಹಿಂದಕ್ಕೆ ಬಾಚಿ, ಕುತ್ತಿಗೆಗೆ ಕರವಸ್ತ್ರ ಸಿಕ್ಕಿಸಿಕೊಂಡು, ಎಡಗೈಯಲ್ಲಿ ಆಗಲೇ ಒಂದು ನಿಂಬೆಹೋಳು ಹಿಡಿದಿದ್ದರು. ಪರೀಕ್ಷೆಗೆ ಪೆನ್ಸಿಲು ಚೂಪು ಮಾಡಿಕೊಂಡು ಕೂತ ಮಗುವಿನ ಹಾಗಿತ್ತು. ಅವನ ಕಣ್ಣು ಸಂಧಿಸಿದಾಗ ಮುಗುಳ್ನಕ್ಕು, "ನೀವೇ ಅಲ್ವಾ ಅವರು? ಕೋಟಿಲ್ಲದೆ ಗುರುತೇ ಸಿಗಲಿಲ್ಲ," ಅಂದರು. "ನಾನು ಬೇರೆಲ್ಲೂ ಹಸಿ ಸಿಂಪಿ ತಿನ್ನಲ್ಲ. ಹೊಟ್ಟೆ ಸೂಕ್ಷ್ಮ ನೋಡಿ. ಇಲ್ಲಾದ್ರೆ ನೀವು ಇರ್ತೀರಿ, ಧೈರ್ಯ."

ಅವನು ಏನೋ ಅಂದ. ಏನಂದನೆಂದು ಅವನಿಗೇ ಗೊತ್ತಾಗಲಿಲ್ಲ.

ಏಳೂವರೆಗೆ ಸರಿಯಾಗಿ ಶೆಫ್ ಬಂದ. ಎತ್ತರದ ಆಳು, ಒಳ್ಳೆಯ ಮನುಷ್ಯ, ದಪ್ಪ ಧ್ವನಿ. ಹತ್ತೊಂಬತ್ತು ವರ್ಷದಿಂದ ಅವನ ತಲೆಯಾಟ ನೋಡಿಯೇ ಒಲೆ ಹಚ್ಚಿದವನು. ಎರಡೂ ಕೈಯಲ್ಲಿ ಅಗಲವಾದ ತಟ್ಟೆ, ಮಂಜುಗಡ್ಡೆಯ ಮೇಲೆ ಹನ್ನೆರಡು ತೆರೆದ ಸಿಂಪಿ. "ಸ್ನೇಹಿತರೇ," ಅಂದ, "ಇಪ್ಪತ್ತೈದು ವರ್ಷದಿಂದ ಕಂಬದ ಪಕ್ಕ ನಿಂತವರು ಇವತ್ತು ಕುರ್ಚಿ ಮೇಲೆ ಕೂತಿದ್ದಾರೆ. ಅದಕ್ಕೇ ಮೊದಲ ತಟ್ಟೆ ಅವರ ಹತ್ರಾನೇ ಹೋಗುತ್ತೆ." ಚಪ್ಪಾಳೆ. ಫೋನುಗಳು ಎದ್ದವು. ತಟ್ಟೆ ಅವನ ಮುಂದೆ ಬಂದು ಕೂತಿತು. ಒಂದೊಂದು ಚಿಪ್ಪಿನೊಳಗೂ ತಿಳಿನೀರು ದೀಪಕ್ಕೆ ಮಿನುಗುತ್ತಿತ್ತು. ನೋಡಲು ಎಲ್ಲವೂ ಲಕ್ಷಣವಾಗಿದ್ದವು. ಬಗ್ಗಬೇಕು, ಉಸಿರೆಳೆಯಬೇಕು, ತಲೆಯಾಡಿಸಬೇಕು. ಎಲ್ಲ ಸೇರಿ ಮೂರು ನಿಮಿಷವೂ ಅಲ್ಲ. ಹದಿನಾರು ಸಲ ಆಗಿದೆ. ಇನ್ನೊಂದು ಸಲ ಆದರೆ ಹದಿನೇಳು. ಬಗ್ಗಿದ. ತಣ್ಣಗಿನ ಗಾಳಿ ಒಳಗೆ ಹೋಯಿತು. ಪಕ್ಕದ ಮೇಜಿನಲ್ಲಿ ಮುದುಕಿ ನಿಂಬೆಹೋಳನ್ನು ಬಲಗೈಗೆ ಬದಲಾಯಿಸಿದರು. ತಲೆ ಆಡಲು ಹೊರಟಿತ್ತು; ಕತ್ತಿನ ನರ ಎಳೆದದ್ದು ಅವನಿಗೆ ಗೊತ್ತಾಯಿತು. ಅವನು ಅದನ್ನು ಹಿಡಿದು ನಿಲ್ಲಿಸಿದ.

"ನನಗೆ ವಾಸನೆ ಗೊತ್ತಾಗಲ್ಲ," ಅಂದ.

ಯಾರಿಗೂ ಕೇಳಿಸಲಿಲ್ಲ. ಶೆಫ್ ಬಗ್ಗಿ, "ಏನಂದ್ರಿ?" ಅಂದ.

"ನನಗೆ ವಾಸನೆ ಗೊತ್ತಾಗಲ್ಲ. ಏನೂ ಗೊತ್ತಾಗಲ್ಲ. ನಾಲ್ಕು ತಿಂಗಳಾಯ್ತು."

ಲೌಂಜಿಗೆ ಲೌಂಜೇ ಗೊಳ್ಳೆಂದು ನಕ್ಕಿತು. ಕೆಲವರು ಚಪ್ಪಾಳೆ ತಟ್ಟಿದರು. ಮುದುಕಿಯಂತೂ ಕರವಸ್ತ್ರದಲ್ಲಿ ಕಣ್ಣೊರೆಸಿಕೊಂಡರು. ಇಂಥ ಅವಮಾನವನ್ನು ಅವನು ನಾಲ್ಕು ತಿಂಗಳ ರಾತ್ರಿಗಳಲ್ಲಿ ಎಷ್ಟೋ ಬಗೆಯಲ್ಲಿ ಕಲ್ಪಿಸಿಕೊಂಡಿದ್ದ: ಬೈಗುಳ, ಪಿಸುಮಾತು, ಮ್ಯಾನೇಜರ ಕೋಣೆ. ನಿಜ ಹೇಳಿದರೆ ನಗುತ್ತಾರೆ ಅನ್ನುವುದು ಮಾತ್ರ ಹೊಳೆದಿರಲಿಲ್ಲ. ಶೆಫ್ ಕೂಡ ನಗುತ್ತಾ, "ನೋಡಿ, ಕುರ್ಚಿ ಸಿಕ್ಕಿದ ತಕ್ಷಣ ತಮಾಷೆ ಮಾಡೋದು ಕಲಿತುಬಿಟ್ರು!" ಅಂದು, ತಟ್ಟೆಯನ್ನು ಎತ್ತಿ, ಮೊದಲು ಹಿರಿಯರಿಗೆ ಅನ್ನುತ್ತಾ ಮುದುಕಿಯ ಮೇಜಿನ ಕಡೆ ತಿರುಗಿದ.

ಆ ಕುರ್ಚಿಯಿಂದ ಅವನು ಹೇಗೆ ಎದ್ದನೋ. ಶೆಫ್‌ನ ಮಣಿಕಟ್ಟು ಹಿಡಿದಿದ್ದ. ಒಂದು ಚಿಪ್ಪು ಜಾರಿ ಕಾರ್ಪೆಟ್ಟಿನ ಮೇಲೆ ಬಿತ್ತು. ಆದರೂ ಹಿಡಿದ ಕೈಯನ್ನು ಬಿಡಲಿಲ್ಲ. ಶೆಫ್ ಅವನ ಮುಖ ನೋಡಿದ. ನಗು ಅಲ್ಲೇ ನಿಂತು, ನಿಧಾನವಾಗಿ ಆರಿತು. ಆಮೇಲೆ ತಿರುಗಿ, ಅದೇ ದಪ್ಪ ಧ್ವನಿಯಲ್ಲಿ, "ಹತ್ತು ನಿಮಿಷ ಕೊಡಿ ಸ್ನೇಹಿತರೇ. ಮೊದಲು ಬಿಸಿಬಿಸಿ ಏಡಿ ಬರುತ್ತೆ. ಎಲ್ಲರಿಗೂ ಇನ್ನೊಂದು ಸುತ್ತು ಪಾನೀಯ," ಅಂದ. ಬಾರಿನವಳು ಆಗಲೇ ಲೋಟಗಳಿಗೆ ಕೈ ಹಾಕಿದ್ದಳು.

ಅಡುಗೆಮನೆಯ ಬಿಳಿ ಬೆಳಕಿನಲ್ಲಿ ಇಬ್ಬರೂ ಸ್ಟೀಲಿನ ಮೇಜಿನ ಎದುರು ನಿಂತರು. ಮಧ್ಯೆ ಬೆಳಗಿನ ಚೀಲ.

"ನಾಲ್ಕು ತಿಂಗಳು," ಅಂದ ಶೆಫ್. ಧ್ವನಿ ಏರಿರಲಿಲ್ಲ. "ನಾಲ್ಕು ತಿಂಗಳು ನಿಮ್ಮ ತಲೆ ನೋಡ್ಕೊಂಡು ಜನಕ್ಕೆ ಬಡಿಸಿದ್ದೀನಿ ನಾನು. ಒಂದು ಮಾತು ಹೇಳಬಾರದಿತ್ತಾ?"

"ಹೇಳಬೇಕಿತ್ತು."

"ಇದನ್ನ ಮ್ಯಾನೇಜರಿಗೆ ಹೇಳದೇ ಇರಕ್ಕಾಗಲ್ಲ."

"ನಾಳೆ ಬೆಳಗ್ಗೆ ನಾನೇ ಹೇಳ್ತೀನಿ." ಹೇಳಿದರೆ ಹಿಂಬಾಗಿಲೂ ಹೋಯಿತು, ಸ್ಟೂಲೂ ಹೋಯಿತು. ಅದು ಗೊತ್ತಿದ್ದೇ ಹೇಳಿದ. ಎದೆಯ ಮೇಲಿನ ಭಾರ ಇಳಿಯಿತು ಅನ್ನುವಂತೇನೂ ಇರಲಿಲ್ಲ.

ಶೆಫ್ ಚಾಕುವಿನ ತುದಿಯಿಂದ ಒಂದೊಂದಾಗಿ ಚಿಪ್ಪು ಬಿಡಿಸಿ, ಮೂಗಿನ ಹತ್ತಿರ ಹಿಡಿದು, ಪಕ್ಕಕ್ಕಿಡತೊಡಗಿದ. ಇದು ಸರಿ. ಇದೂ ಸರಿ. ಹದಿನೆಂಟನೆಯದರಲ್ಲಿ ಕೈ ನಿಂತಿತು. ಮೂಸಿದ, ಹುಬ್ಬು ಗಂಟಿಕ್ಕಿದ, ಮತ್ತೆ ಮೂಸಿದ. ಆಮೇಲೆ, ಯೋಚನೆಯೇ ಇಲ್ಲದೆ, ಹತ್ತೊಂಬತ್ತು ವರ್ಷ ಮಾಡಿದ ಹಾಗೆಯೇ, ಚಿಪ್ಪನ್ನು ಅವನ ಮೂಗಿನ ಮುಂದೆ ಚಾಚಿ, "ನೀವೇ ನೋಡಿ," ಅಂದ.

ಕೈ ಗಾಳಿಯಲ್ಲೇ ಉಳಿಯಿತು. ಇಬ್ಬರೂ ಆ ಚಿಪ್ಪನ್ನು ನೋಡಿದರು. ಶೆಫ್‌ನ ಮುಖ ಸಣ್ಣದಾಯಿತು. ಕೋಪಕ್ಕಿಂತ ಇದೇ ಅವನನ್ನು ಹೆಚ್ಚು ಇರಿಯಿತು.

"ವಾಸನೆ ಹೇಗಿದೆ ಹೇಳಿ," ಅಂದ ಅವನು. "ಸರಿನೋ ಇಲ್ಲವೋ ಬೇಡ. ಹೇಗಿದೆ ಅಂತ ಹೇಳಿ. ಒಂದೇ ಸತ್ತಿದ್ರೆ ಒಂದನ್ನ ಎಸೆದರೆ ಸಾಕು. ಕರಗಿದ ನೀರು ಕೆಟ್ಟಿದ್ರೆ ಇಡೀ ಚೀಲ ಹೋಗಬೇಕು. ಎರಡರ ವಾಸನೆ ಬೇರೆ ಬೇರೆ."

"ಸಮುದ್ರದ ವಾಸನೆ," ಅಂದ ಶೆಫ್.

"ಅದು ಎಲ್ಲದರಲ್ಲೂ ಇರುತ್ತೆ. ಅದರ ಹಿಂದೆ?"

ಶೆಫ್ ತಡಕಾಡಿದ. ಏನೋ ಒಂಥರಾ, ಅಂದ. ಆಗ ಬಾಗಿಲಲ್ಲಿ ನಿಂತಿದ್ದ ಹೆಂಡತಿ ಒಳಗೆ ಬಂದಳು. ಯಾವಾಗಿನಿಂದ ನಿಂತಿದ್ದಳೋ. ಪರ್ಸನ್ನು ಕಂಕುಳಿಗೆ ಸಿಕ್ಕಿಸಿ, ಚಿಪ್ಪನ್ನು ಇಸಿದುಕೊಂಡು, ಅವನ ಹಾಗೆಯೇ ಬಗ್ಗಿ ಉಸಿರೆಳೆದಳು.

"ಮೊದಲು ಉಪ್ಪು," ಅಂದಳು. "ಆಮೇಲೆ ಒದ್ದೆ ಕಲ್ಲು. ಅದರ ಹಿಂದೆ... ಒಗೆದ ಬಟ್ಟೆ ಪೂರ್ತಿ ಒಣಗದೆ ಮಡಚಿಟ್ಟಿರ್ತೀವಲ್ಲ, ಎರಡು ದಿನ ಬಿಟ್ಟು ಬೀರು ತೆಗೆದ್ರೆ ಬರುತ್ತಲ್ಲ, ಹಾಗೆ. ತುಂಬಾ ಇಲ್ಲ. ಸ್ವಲ್ಪ."

ಅವನು ಕಣ್ಣು ಮುಚ್ಚಿಕೊಂಡ. ವಾಸನೆ ಬರಲಿಲ್ಲ, ಆದರೆ ಅವಳು ಹೇಳಿದ್ದು ಯಾವುದೆಂದು ಗೊತ್ತಾಯಿತು. ಆ ಬಟ್ಟೆ, ಆ ಬೀರು, ಬಾಗಿಲು ತೆಗೆದಾಗ ಮುಖಕ್ಕೆ ಹೊಡೆಯುವುದು. ಎಷ್ಟು ಸಲ ಅದನ್ನು ಚೀಲದೊಳಗೆ ಹಿಡಿದು ವಾಪಸ್ಸು ಕಳಿಸಿದ್ದ.

"ರೀ," ಅಂದಳು ಅವಳು, ಮೆಲ್ಲಗೆ, ಶೆಫ್‌ಗೆ ಕೇಳಿಸದ ಹಾಗೆ. "ನಾಲ್ಕು ತಿಂಗಳಿಂದ ನನ್ನ ಅಡುಗೆ ಘಮಘಮ ಅಂತ ಹೊಗಳಿದ್ದೆಲ್ಲ?"

"ಸುಳ್ಳು."

"ಅದಕ್ಕೆ ಮುಂಚೆ?"

"ಒಂದೊಂದು ದಿನ ನಿಜ."

ಅವಳು ಮೂತಿ ತಿರುವಿದಳು. ಆದರೆ ಅವನ ತೋಳು ಹಿಡಿದುಕೊಂಡಳು, ಬಿಡಲಿಲ್ಲ.

"ಅದು ಕರಗಿದ ನೀರಿನ ವಾಸನೆ. ಇಡೀ ಚೀಲ ಹೋಗಬೇಕು," ಅಂದ ಅವನು ಶೆಫ್‌ಗೆ. "ಇವತ್ತು ಸಿಂಪಿ ಬೇಡ."

"ಮಿಕ್ಕಿದ ಹದಿನೇಳು ಚೆನ್ನಾಗೇ ಇದ್ವಲ್ಲ. ಹೊರಗೆ ಜನ ಕಾಯ್ತಿದ್ದಾರೆ." ಶೆಫ್ ಚಾಕು ಕೆಳಗಿಟ್ಟ. "ಖಚಿತನಾ?"

ಇಪ್ಪತ್ತೈದು ವರ್ಷದಲ್ಲಿ ಆ ಪ್ರಶ್ನೆಯನ್ನು ಅವನಿಗೆ ಯಾರೂ ಕೇಳಿರಲಿಲ್ಲ.

"ಇಲ್ಲ," ಅಂದ.

ಶೆಫ್ ಚೀಲದ ಬಾಯಿ ಕಟ್ಟಿ, ಹಿಂಬಾಗಿಲ ಕಡೆ ಎಳೆದಿಟ್ಟ.